ಹೆಸರು ಕೇಳಿದ ಬ್ಯಾಂಕು

ನಮ್ಮ ಚಿಕ್ಕಮ್ಮನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ತಂಗಿಯ ಮಗಳೊಬ್ಬಳನ್ನು ಸಾಕಿದ್ದಳು, ಆ ಹುಡುಗಿಗೂ ಅದೇ ಹೆಸರಿತ್ತು. ಆ ಹುಡುಗಿ ಈಗಿಲ್ಲ. ತೀರಿಕೊಂಡವರ ಹೆಸರನ್ನು ಆಸ್ಟ್ರೇಲಿಯಾದ ಈ ಮರುಭೂಮಿಯ ಮೂಲನಿವಾಸಿಗಳಾದ ನಾವು ಬಾಯಿಗೆ ತರುವುದಿಲ್ಲ, ಕರೆದರೆ ಹೊರಟ ಜೀವ ಹಿಂತಿರುಗಿ ಅಲೆಯುತ್ತದೆ. ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ ಕುಮಂಜಯಿ, ಅಂದರೆ ಹೆಸರು ಹೇಳಬಾರದವರು, ಎಂದೇ ಕರೆಯುತ್ತೇವೆ.

ಕುಮಂಜಯಿ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಕ್ಲಿನಿಕ್ಕಿನ ಬಟ್ಟೆ ಒಗೆದವಳು. ಬಾಯಿ ಬಲು ಜೋರು. ಇಸ್ಪೀಟಿನಲ್ಲಿ ಗೆದ್ದದ್ದನ್ನು ಅಲ್ಲೇ ಹಂಚಿ, ಬಾಯಿತುಂಬ ಬೈದು, ಬರಿಗೈಯಲ್ಲಿ ಎದ್ದು ಬರುವಳು. ಕೇಳಿದವರಿಗೆ ಇಲ್ಲ ಎನ್ನುವವರು ಅವಳ ಲೆಕ್ಕದಲ್ಲಿ ಮನುಷ್ಯರೇ ಅಲ್ಲ.

ಒಮ್ಮೆ ಆಲಿಸ್ ಸ್ಪ್ರಿಂಗ್ಸ್ ಪೇಟೆಯಿಂದ ಬ್ಯಾಂಕಿನವನೊಬ್ಬ ಬಂದು, ನಾನು ಗಲ್ಲಾದಲ್ಲಿ ಕೂರುವ ಅಂಗಡಿಯ ಮುಂದೆ ಮೇಜು ಹಾಕಿದ. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಇನ್ನು ಕಾರ್ಡು ನಡೆಯುತ್ತದೆ ಎಂದ. ಚಿಕ್ಕಮ್ಮ ನಗುತ್ತಾ ಸಹಿ ಹಾಕಿದಳು.

"ನೋಡೇ ಡೆಲ್ಮಾ, ಬ್ಯಾಂಕಿಗೂ ಬುದ್ಧಿ ಬಂತು. ನಮ್ಮೋರ ಥರಾನೇ, ಕೈ ಖಾಲಿ ಇದ್ದಾಗ ಕೇಳಿದ್ರೆ ಕೊಡತ್ತಂತೆ!"

ನಮ್ಮೋರಂತೆ! ಕೊಟ್ಟಾಗಲೆಲ್ಲ ಹದಿನೈದು ಡಾಲರ್ ಕಿತ್ತುಕೊಳ್ಳುವ ಸಂಗತಿ ಫಾರಮ್ಮಿನ ಹಿಂಬದಿಯಲ್ಲಿತ್ತು. ನಾಲ್ಕು ಡಾಲರಿನ ಬ್ರೆಡ್ಡಿಗೆ ಹದಿನೈದು ಡಾಲರ್ ದಂಡ. ಆ ಕಾರ್ಡನ್ನು ಪ್ರತಿ ಸಲ ಉಜ್ಜಿದವಳು ನಾನೇ.

ಚಿಕ್ಕಮ್ಮ ಸಾಕಿದ ಹುಡುಗಿ ಭಾನುವಾರ ಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಣ್ಣು ಮಾಡುವುದು ಶುಕ್ರವಾರ, ಅವಳಪ್ಪನ ಊರಲ್ಲಿ, ಮುನ್ನೂರು ಕಿಲೋಮೀಟರ್ ಆಚೆ. ನಮ್ಮಣ್ಣ ಲೀನಸ್‌ನ ಕಾರಿತ್ತು, ಪೆಟ್ರೋಲಿಗೆ ದುಡ್ಡಿರಲಿಲ್ಲ. ಎಲ್ಲರೂ ಚಿಕ್ಕಮ್ಮನ ಪಿಂಚಣಿಗೆ ಕಾದೆವು. ಬುಧವಾರ ಅದು ಬಂತು. ಬ್ಯಾಂಕು ಮೊದಲು ತಾನು ಕೊಟ್ಟದ್ದನ್ನು ಹಿಡಿಯಿತು, ಆಮೇಲೆ ಎಂಟು ದಂಡ, ನೂರಿಪ್ಪತ್ತು ಡಾಲರ್. ಬಾಡಿಗೆ, ಕರೆಂಟು ಕಳೆದು ಉಳಿದದ್ದು ಇಪ್ಪತ್ಮೂರು. ಬೇರೆ ಯಾರನ್ನು ಕೇಳುವುದು? ಊರಿನವರ ಕಾರ್ಡೆಲ್ಲ ಅದೇ ಬ್ಯಾಂಕಿನದು, ಅವರ ಪಾಡೂ ಇದೇ.

"ಹೆತ್ತವಳಿಗಿಂತ ಹೆಚ್ಚಾಗಿ ನೋಡ್ಕೊಂಡೆ. ಮಣ್ಣು ಹಾಕೋಕೂ ಹೋಗದಿದ್ರೆ ನಾನೆಂಥ ತಾಯಿ?" ಎಂದಳು ಚಿಕ್ಕಮ್ಮ.

ದಂಡ ವಾಪಸು ಕೇಳಲೆಂದು ಅಂಗಡಿಯ ಹಿಂದಿನ ಕೋಣೆಯಿಂದ ಬ್ಯಾಂಕಿಗೆ ಫೋನ್ ಹಚ್ಚಿಕೊಟ್ಟೆ.

"ನಿಮ್ಮ ಪೂರ್ತಿ ಹೆಸರು ಹೇಳಿ ಮೇಡಂ," ಎಂದಿತು ಒಂದು ನಯವಾದ ದನಿ.

ಚಿಕ್ಕಮ್ಮ ಖಾತೆಯ ನಂಬರ್ ಹೇಳಿದಳು, ಕಾರ್ಡಿನ ನಂಬರ್ ಹೇಳಿದಳು, ಹುಟ್ಟಿದ ದಿನ ಹೇಳಿದಳು. ಹೆಸರು ಮಾತ್ರ ಹೇಳಲಿಲ್ಲ. ನಾನು ಫೋನ್ ಕಸಿದುಕೊಂಡೆ.

"ಅವ್ರು ಆ ಹೆಸರು ಹೇಳೋ ಹಾಗಿಲ್ಲಪ್ಪ. ಮನೇಲಿ ಸಾವಾಗಿದೆ. ನಿಮ್ಮ ಕಂಪ್ಯೂಟರಲ್ಲೇ ಇದೆಯಲ್ಲ, ನೋಡ್ಕೊಳ್ಳಿ!"

"ಕ್ಷಮಿಸಿ, ಖಾತೆದಾರರೇ ಹೇಳ್ಬೇಕು."

ಫೋನ್ ಕಟ್. ಇನ್ನೊಮ್ಮೆ ಮಾಡಿದೆವು, ಬೇರೆ ದನಿ, ಅದೇ ಮಾತು.

ಗುರುವಾರ ಮಧ್ಯಾಹ್ನ ಚಿಕ್ಕಮ್ಮ ತಾನೇ ಅಂಗಡಿಗೆ ಬಂದಳು. "ನೀನು ಆಚೆ ಹೋಗು," ಎಂದು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಹಚ್ಚಿದಳು. ತೆಳು ತಗಡಿನ ಗೋಡೆ, ಎಲ್ಲ ಕೇಳುತ್ತದೆ. ಖಾತೆಯ ನಂಬರ್, ಕಾರ್ಡಿನ ನಂಬರ್ ಹೇಳಿದಳು. ಆಮೇಲೆ ಆ ಹೆಸರನ್ನೂ ಹೇಳಿದಳು. ನಾನು ಕಿವಿ ಮುಚ್ಚಿಕೊಂಡೆ, ತಡವಾಗಿತ್ತು. ಆ ಕಡೆಯವನಿಗೆ ಕೇಳಿಸಲಿಲ್ಲವೇನೋ, ಇನ್ನೊಂದು ಸಲ ಹೇಳಿಸಿದ. ಹೇಳಿದಳು.

ಹೊರಗೆ ಬಂದು ಅವರ ಉತ್ತರ ಹೇಳಿದಳು. ದಂಡವೆಲ್ಲ ನಿಯಮದ ಪ್ರಕಾರವೇ ಇದೆಯಂತೆ. ಹಳೇ ಗ್ರಾಹಕರೆಂಬ ಪ್ರೀತಿಗೆ ಒಂದನ್ನು ಬಿಟ್ಟುಕೊಡುತ್ತಾರಂತೆ, ಹದಿನೈದು ಡಾಲರ್. ಬೇರೇನಾದರೂ ಸಹಾಯ ಬೇಕೇ ಎಂದೂ ಕೇಳಿದರಂತೆ. ಥೂ, ಅವರ ಸಹಾಯಕ್ಕೆ ಬೆಂಕಿ ಬೀಳ!

ಸಂಜೆ ಹೊತ್ತಿಗೆ ಲೀನಸ್ ಹಾರನ್ ಹೊಡೆಯುತ್ತಾ ಬಂದ. ರಸ್ತೆ ಕೆಲಸದವರು ಕನಿಕರಪಟ್ಟು ಒಂದು ಡ್ರಮ್ ಪೆಟ್ರೋಲ್ ಕೊಟ್ಟಿದ್ದರು.

"ಹತ್ತು ಚಿಕ್ಕಮ್ಮ! ದುಡ್ಡೂ ಬೇಡ ಏನೂ ಬೇಡ!"

ಅವಳು ಜಗಲಿಯಿಂದ ಏಳಲಿಲ್ಲ.

"ನೀವು ಹೋಗ್ರೋ. ನನ್ನ ಮಗಳನ್ನ ನಾನು ಎರಡು ಸಲ ಹೆಸರಿಡಿದು ಕೂಗಿಬಿಟ್ಟೆ. ಅವಳಿನ್ನೂ ಮಣ್ಣಿಗೆ ಸೇರಿಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?"

ಲೀನಸ್ ನನ್ನ ಮುಖ ನೋಡಿದ. ನಾನು ಕಾರು ಹತ್ತಿದೆ. ಕತ್ತಲಾಗುವ ಮುಂಚೆ ನಾವು ಹೊರಟೆವು, ಅವಳನ್ನು ಬಿಟ್ಟು.