ಸಮಾಧಿಯಲ್ಲಿ ಇಟ್ಟ ಫೋನು

ನನ್ನ ಗಂಡ ವಿಶ್ವಾರಾಧ್ಯ ತೀರಿಕೊಂಡು ಏಳು ತಿಂಗಳಾಯಿತು. ವಯಸ್ಸು ನಲವತ್ತಮೂರು. ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು. ಧಾನ್ಯ ವ್ಯಾಪಾರದ ಅಡತಿ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಹೊಟ್ಟೆಪಾಡಿಗೆ. ರಕ್ತ ಕೊಡುವವರ ಆ್ಯಪ್ ನಡೆಸುವುದು ಮನಸ್ಸಿಗೆ. ನಾನು ಕಲಿತಿದ್ದು ಏಳನೇ ಇಯತ್ತೆ. ಅವರ ಬಾಯಿಂದ ಕೇಳಿದಷ್ಟನ್ನೇ ಬರೆಯುತ್ತೇನೆ.

ಯಾದಗಿರಿ, ಶಹಾಪುರ, ಸುರಪುರದ ನಾನೂರು ಜನ ಆ ಆ್ಯಪಿಗೆ ಹೆಸರು ಕೊಟ್ಟಿದ್ದರು. ಮೊದಲು ಅವರ ನಂಬರು ಎಲ್ಲರಿಗೂ ಕಾಣುತ್ತಿತ್ತು. ಸುರಪುರದ ಒಬ್ಬ ಹೆಣ್ಣುಮಗಳಿಗೆ ಯಾರೋ ದಿನಾ ಫೋನ್ ಹಚ್ಚಿ ಹೊಲಸು ಮಾತಾಡತೊಡಗಿದರು. ಆಕೆಯ ಗಂಡ ಬಂದು ಇವರ ಕೊರಳಪಟ್ಟಿ ಹಿಡಿದ. ಅವತ್ತು ಇವರು ಊಟ ಮಾಡಲಿಲ್ಲ. ಮರುದಿನದಿಂದ ಎಲ್ಲಕ್ಕೂ ಕೀಲಿ ಹಾಕಿದರು. ರಕ್ತ ಬೇಕಾದವರು ಆ್ಯಪಿನಲ್ಲಿ ಕೇಳಬೇಕು, ಸುದ್ದಿ ದಾನಿಗೆ ಹೋಗಬೇಕು, ದಾನಿ ತಾನೇ ಆಸ್ಪತ್ರೆಗೆ ಬರಬೇಕು. ಯಾರ ಹೆಸರೂ ಯಾರಿಗೂ ತಿಳಿಯಬಾರದು.

ಹೆಸರುಗಳೆಲ್ಲ ಕ್ಲೌಡ್‌ನಲ್ಲಿದ್ದವು. ಅಂದರೆ ಎಲ್ಲೋ ದೂರದ ಕಂಪನಿಯ ಬಾಡಿಗೆ ಕಂಪ್ಯೂಟರಿನಲ್ಲಿ. ಆ್ಯಪ್ ಮಾತಾಡುತ್ತಿರುವುದು ನಿಜವಾಗಿ ಅದರ ಜೊತೆಗೇ, ನಡುವೆ ಕಳ್ಳರಿಲ್ಲ ಎಂದು ತೋರಿಸಲು ಒಂದು ಸರ್ಟಿಫಿಕೇಟ್ ಬೇಕು. ಅದರ ಆಯುಷ್ಯ ತೊಂಬತ್ತು ದಿನ. ಮುಗಿಯುವ ಮೊದಲು ಹೊಸದು ತರಿಸಿ ಹಾಕಬೇಕು. ಕಂಪನಿ ಕೊಡುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು ಹಿಡಿದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇವರು ಅದಕ್ಕೊಂದು ಪ್ರೋಗ್ರಾಂ ಬರೆದಿದ್ದರು. ಬೇರೆಯವರು ಅಂಥದ್ದನ್ನು ತಾನೇ ನಡೆಯಲು ಬಿಡುತ್ತಾರಂತೆ. ಇವರು ಬಿಡಲಿಲ್ಲ. ತಮ್ಮ ಫೋನಿನಲ್ಲಿ ಮೂಡುವ ಆರು ಅಂಕಿ ಹೊಡೆದರೆ ಮಾತ್ರ ಅದು ಮುಂದೆ ಹೋಗುತ್ತಿತ್ತು. ಸರ್ಟಿಫಿಕೇಟ್ ಮುಗಿದರೆ ಆ್ಯಪ್ ತೆರೆಯಲೇಬಾರದು ಎಂದೂ ಬರೆದಿದ್ದರು.

"ಹೆಂಡ್ತಿ ಜೋಡಿ ಇಷ್ಟು ಮಾತಾಡಂಗಿಲ್ಲ, ಆ ಡಬ್ಬಿ ಜೋಡಿನೇ ಮಾತಾಡ್ರಿ" ಎಂದು ನಾನು ಬೈಯುತ್ತಿದ್ದೆ.

"ಅದು ತಿರುಗಿ ಬೈಯಂಗಿಲ್ಲಲ್ಲ" ಎನ್ನುತ್ತಿದ್ದರು.

ಕುರ್ಚಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋದರು. ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಹೂಳುತ್ತೇವೆ. ಅಂಗೈಯಲ್ಲಿ ಲಿಂಗ. ಸುತ್ತ ವಿಭೂತಿ, ಪತ್ರಿ, ಉಪ್ಪು. ನಾನು ಅವರ ಫೋನನ್ನು ವಸ್ತ್ರದಲ್ಲಿ ಸುತ್ತಿ ತೊಡೆಯ ಬದಿಗೆ ಇಡಿಸಿದೆ. ಭಾವ ಚಂದ್ರಾಮಪ್ಪನವರೂ "ಅದನ್ನ ಬಿಟ್ಟು ಅಂವ ಎಂದೂ ಕುಂತಿಲ್ಲ, ಇರಲಿ" ಎಂದರು.

ನಲವತ್ತು ದಿನದ ಮೇಲೆ ಪ್ರವೀಣಕುಮಾರ ಬಂದ. ಇವರ ಕೈಕೆಳಗೆ ಕೆಲಸ ಕಲಿತವನು.

"ವೈನಿ, ಅಣ್ಣಾರ ಫೋನ್ ಕೊಡ್ರಿ. ಐದು ದಿನಕ್ಕ ಸರ್ಟಿಫಿಕೇಟ್ ಮುಗಿತದ."

"ಫೋನ್ ಅವರ ಸಂಗಾಟ ಕುಣಿಯಾಗ ಅದ."

ಅವನು ತಲೆ ಹಿಡಿದು ನೆಲಕ್ಕೆ ಕುಳಿತ.

"ಅದೇ ನಂಬರಿಂದು ಹೊಸ ಸಿಮ್ ತಂದ್ರ?"

"ಆ ಅಂಕಿ ಸಿಮ್ಮಿಗೆ ಬರಂಗಿಲ್ರಿ, ಫೋನಿನ್ಯಾಗ ಹುಟ್ತಾವ. ಕಂಪನಿಗೆ ಮರಣದ ದಾಖಲಿ ಕಳಿಸೀನಿ. ಎರಡು ತಿಂಗಳಾದ್ರೂ ಬೇಕಂತ."

ಅವನು ಬಾಗಿಲಾಚೆ ಸಮಾಧಿಯ ದಿಕ್ಕಿಗೆ ನೋಡಿದ. ಕುಣಿ ತೆಗೆಸೋಣ ಎನ್ನುತ್ತಿದ್ದಾನೆ ಎಂದು ನನಗೆ ತಿಳಿಯಿತು.

"ಬ್ಯಾಡ. ಒಮ್ಮೆ ಮಣ್ಣು ಕೊಟ್ಟೀನಿ" ಎಂದೆ.

ಸರ್ಟಿಫಿಕೇಟ್ ಮುಗಿಯಿತು. ನಾಲ್ಕನೆಯ ದಿನ, ಆ್ಯಪಿನ ಮೂಲಕ ರಕ್ತ ಪಡೆಯುತ್ತಿದ್ದ ಮುಬೀನಾ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗಳ ಹೆಸರು ದಾವಲಬೀ, ಅಜ್ಜಿಯ ಹೆಸರು. ಏಳು ವರ್ಷ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ರೋಗ. ಇಪ್ಪತ್ತು ದಿನಕ್ಕೊಮ್ಮೆ ಏರಿಸಬೇಕು, ಅದೂ ಸಿಗದ ಗುಂಪಿನದು, ಓ ನೆಗೆಟಿವ್.

"ಅಕ್ಕಾ, ಆ್ಯಪ್ ತೆರಿಯವಲ್ದು. ರಕ್ತನಿಧಿಯಾಗ ಇಲ್ಲ ಅಂದ್ರು. ಪ್ರತಿ ಸಲ ಯಾರೋ ಪುಣ್ಯಾತ್ಮರು ಬರ್ತಿದ್ರು, ಕೊಟ್ಟು ಹೋಗ್ತಿದ್ರು. ನಾ ಹೆಸರು ಸೈತ ಕೇಳಿಲ್ಲ."

ಹುಡುಗಿಯ ತುಟಿ ಸುಣ್ಣದ ಹಾಗಿತ್ತು. ಪ್ರವೀಣಕುಮಾರ ವಾಟ್ಸಾಪಿನಲ್ಲಿ ಹಾಕಿದ. ಬಂದವರೆಲ್ಲ ಬೇರೆ ಗುಂಪಿನವರು. ನಾನು ಭಾವನ ಮನೆಗೆ ಹೋದೆ.

"ನಾಳೆ ಕುಣಿ ತಗಸ್ತೀನ್ರಿ."

"ಕೂಡ್ರಿಸಿದವನ್ನ ಎಬ್ಬಸ್ತಾರೇನು? ನಮ್ಮ ಕುಲದಾಗ ಎಂದರ ಕೇಳೀಯೇನವಾ? ಹಂಗ ಮಾಡಿದ್ರ ಈ ಹೊಸ್ತಿಲಾ ತುಳಿಬ್ಯಾಡ."

"ತುಳಿಯಂಗಿಲ್ರಿ."

ಕುಣಿ ತೋಡುವ ಬಸವಣ್ಣ ಮೊದಲು ಒಲ್ಲೆ ಎಂದ. ಹುಡುಗಿಯನ್ನು ತೋರಿಸಿದೆ. ಸಲಿಕೆ ತಂದ. ಮುಬೀನಾ ದೂರದ ಬೇವಿನ ಕೆಳಗೆ ನಿಂತಿದ್ದಳು. ಒಳಗೆ ನಾನು ನೋಡಿದ್ದನ್ನು ಬರೆಯುವುದಿಲ್ಲ. ಫೋನು ಸಿಕ್ಕಿತು. ಉಪ್ಪು ಅದನ್ನು ತಿಂದಿತ್ತು. ಬೆನ್ನು ಉಬ್ಬಿ ಬಿರಿದಿತ್ತು. ಪ್ರವೀಣಕುಮಾರ ಯಾದಗಿರಿಯ ರಿಪೇರಿ ಅಂಗಡಿಗೆ ಒಯ್ದ. ಸಂಜೆಗೆ ಬರಿಗೈಯಲ್ಲಿ ಬಂದ.

ಮುಬೀನಾ ಮಗಳನ್ನು ಕಲಬುರಗಿಗೆ ಕರೆದೊಯ್ದಳು. ಅಲ್ಲಿ ಮೂರನೆಯ ದಿನ ರಕ್ತ ಸಿಕ್ಕಿತು. ಅಷ್ಟರಲ್ಲಿ ಎದೆ ಸೋತಿತ್ತು ಎಂದರು ಡಾಕ್ಟರು. ದಾವಲಬೀ ವಾಪಸ್ ಬರಲಿಲ್ಲ.

ಭಾವ ಈಗ ನನ್ನ ಜೊತೆ ಮಾತಾಡುವುದಿಲ್ಲ. "ನೀವು ಮೊದಲ ದಿನಾನೇ ಹೂಂ ಅಂದಿದ್ರೂ ಫೋನ್ ಹಾಳಾಗೇ ಇರ್ತಿತ್ರಿ ವೈನಿ" ಎನ್ನುತ್ತಾನೆ ಪ್ರವೀಣಕುಮಾರ. ಇದ್ದೀತು. ಆದರೆ ಆ ಐದು ದಿನ ಇದ್ದಾಗ ನಾವು ಬೇರೆ ಯಾವ ದಾರಿಯನ್ನೂ ಹುಡುಕಲಿಲ್ಲ. ನಾನು ಬೇಡ ಎಂದು ಬಾಗಿಲು ಹಾಕಿಕೊಂಡೆ.

ಕಂಪನಿಯವರು ಖಾತೆ ಬಿಟ್ಟುಕೊಟ್ಟಿದ್ದು ಮೂರು ತಿಂಗಳಿಗೆ. ಪ್ರವೀಣಕುಮಾರ ನಮ್ಮ ಮನೆಯಲ್ಲೇ ಕುಳಿತು ಹೊಸ ಸರ್ಟಿಫಿಕೇಟ್ ಹಾಕಿದ. ಆರು ಅಂಕಿ ಈಗ ಅವನ ಫೋನಿನಲ್ಲೂ ಬರುತ್ತವೆ, ನನ್ನದರಲ್ಲೂ ಬರುತ್ತವೆ. ಆ್ಯಪ್ ತೆರೆಯಿತು. ಆ್ಯಪ್ ನಡೆಸುವವರಿಗೆ ಮಾತ್ರ ಕಾಣುವ ಪಟ್ಟಿಯಲ್ಲಿ ದಾವಲಬೀಗೆ ರಕ್ತ ಕೊಡುತ್ತಿದ್ದ ಐದು ಜನರ ಹೆಸರು ಕಂಡವು. ಒಬ್ಬ ಭೀಮರಾಯನಗುಡಿಯ ಸಾಯಿಕುಮಾರ. ನಮ್ಮ ಮನೆಯಿಂದ ಅರ್ಧ ತಾಸಿನ ದಾರಿಯೂ ಅಲ್ಲ.

ಪ್ರವೀಣಕುಮಾರ ಅವನಿಗೆ ಫೋನ್ ಹಚ್ಚಿದ.

"ಯಾಕ್ರಿ, ಭಾಳ ದಿನ ಆಯ್ತು, ನಂಗ ಮೆಸೇಜೇ ಬಂದಿಲ್ಲ" ಎಂದ ಸಾಯಿಕುಮಾರ. "ಹುಡುಗಿ ಆರಾಮ ಆಗ್ಯಾಳ ಅಂದ್ಕೊಂಡೆ."

ಪ್ರವೀಣಕುಮಾರ ಫೋನನ್ನು ನನ್ನ ಕಡೆ ಚಾಚಿದ. ನಾನು ಇಸಿದುಕೊಂಡು ಆದದ್ದನ್ನು ಹೇಳಿದೆ.