ಬಾಯಲ್ಲಿ ಹೇಳದ ಪಾಸ್‌ವರ್ಡ್

ಹಳಿಯಾಳದ ನಮ್ಮ ಪ್ರೆಸ್ಸಿನಲ್ಲಿ ದುಡಿಯುವವರು ಇಬ್ಬರೇ, ನಾನು ಮತ್ತು ನಮ್ಮ ಮನೆಯವರು. ಅಚ್ಚು ಹಾಕುವ ಯಂತ್ರ ಅವರದು, ಕಂಪ್ಯೂಟರ್ ನನ್ನದು. ಜೋಯಿಡಾ ಕಡೆಯವರ ಮದುವೆ ಕಾರ್ಡಿನಿಂದ ಹಿಡಿದು ಮುಂಡಗೋಡದ ಅಂಗಡಿಗಳ ಬಿಲ್ ಪುಸ್ತಕದವರೆಗೆ ಎಲ್ಲವೂ ನನ್ನ ಬೆರಳಿನಿಂದ ಇಳಿದು ಅವರ ಕೈಯಿಂದ ಹೊರಗೆ ಹೋಗುತ್ತವೆ. ತಪ್ಪು ಬಂದರೆ ಅದು ನನ್ನದು, ಚೆಂದ ಬಂದರೆ ಪ್ರೆಸ್ಸಿನದು. ಈ ಕರಾರಿಗೆ ನಾನು ಎಂದೂ ಒಪ್ಪಿಗೆ ಕೊಟ್ಟಿಲ್ಲ, ಆದರೂ ನಡೆದುಕೊಂಡು ಬಂದಿದೆ.

ಹೋದ ವರ್ಷ ಮಳೆಗಾಲದಲ್ಲಿ ನನ್ನ ಹಳೆಯ ಕಂಪ್ಯೂಟರ್ ನಡುನಡುವೆ ಕಣ್ಣು ಮುಚ್ಚತೊಡಗಿತು. ತಲೆಯ ಮೇಲೊಂದು ಏಟು ಕೊಟ್ಟರೆ ಎದ್ದು ಕೂರುತ್ತಿತ್ತು. ಕೊನೆಕೊನೆಗೆ ಏಟಿಗೂ ಜಗ್ಗಲಿಲ್ಲ. ಮನೆಯವರು ಹುಬ್ಬಳ್ಳಿಗೆ ಹೋಗಿ ಹೊಸದನ್ನು ತಂದರು. ಅದೋ, ನಾನು ಇಷ್ಟು ವರ್ಷ ಕಾರ್ಡು ಜೋಡಿಸಿದ ಪ್ರೋಗ್ರಾಮನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಈ ಕಾಲದ್ದಲ್ಲ, ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು. ನಾನು ಬರೆದ ಗಿಣಿಗಳ ಬಾರ್ಡರು, ಮಾವಿನ ತೋರಣ, ನಂದಿ, ಎಲ್ಲವೂ ಆ ಪ್ರೋಗ್ರಾಮಿನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಅದರ ಕೀಲಿಗಳ ಮೇಲೆ ಕಣ್ಣು ಮುಚ್ಚಿಕೊಂಡು ಓಡುವ ನನ್ನ ಬೆರಳುಗಳು ಹೊಸ ಪ್ರೋಗ್ರಾಮಿನಲ್ಲಿ ಕುಂಟತೊಡಗಿದವು.

ಅವತ್ತು ಊಟಕ್ಕೆ ಕುಳಿತಾಗ ಮನೆಯವರು ತಮ್ಮ ತೀರ್ಮಾನ ಹೇಳಿದರು. ದಾಂಡೇಲಿಯಲ್ಲಿ ಒಬ್ಬ ಡಿಸೈನರ್ ಇದ್ದಾನಂತೆ, ದೀಪಾವಳಿ ಪಾಡ್ಯದ ನಂತರ ಬಂದು ಕಂಪ್ಯೂಟರ್ ನೋಡಿಕೊಳ್ಳುತ್ತಾನಂತೆ.

"ನೀ ಇನ್ನ ಆರಾಮ ಕುಂದ್ರು" ಎಂದರು.

ಆರಾಮ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಓಣಿಯಲ್ಲಿ ಆರಾಮ ಕುಳಿತ ಹೆಂಗಸರನ್ನು ನಾನು ಬಲ್ಲೆ. ಅವರು ಬೆಳಗಿನಿಂದ ಸಂಜೆಯವರೆಗೆ ಕಾಳು ಹಸನು ಮಾಡುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಸೊಸೆಯಂದಿರನ್ನು ಕಾಯುತ್ತಾರೆ. ನನಗೆ ನನ್ನ ಕುರ್ಚಿ ಬೇಕಾಗಿತ್ತು. ಕಿಟಕಿಯ ಪಕ್ಕದ, ಒಂದು ಕಾಲು ಗಿಡ್ಡವಿರುವ ಆ ಕುರ್ಚಿಯನ್ನು ದಾಂಡೇಲಿಯವನಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಮನೆಯವರಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಉಪಾಯ ಹೇಳಿಕೊಟ್ಟವರು ಅಂಬಿಕಾನಗರದಿಂದ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಬರುವ ಮಾಸ್ತರರು. ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಳೆಯ ಕಾಲದ ಇನ್ನೊಂದು ಕಂಪ್ಯೂಟರ್ ಕಟ್ಟಬಹುದಂತೆ. ಅದಕ್ಕೆ ಕಬ್ಬಿಣದ ಡಬ್ಬಿ ಇಲ್ಲ, ತಂತಿ ಇಲ್ಲ, ಪರದೆಯ ಮೇಲೆ ಒಂದು ಚೌಕವಾಗಿ ಕಾಣಿಸಿಕೊಳ್ಳುತ್ತದೆ. ವರ್ಚುಯಲ್ ಮಷೀನ್ ಎಂದು ಹೆಸರು. ಒಳಗಿನದು ತಾನೇ ನಿಜವಾದ ಕಂಪ್ಯೂಟರ್ ಎಂದು ನಂಬಿಕೊಂಡು ಕೆಲಸ ಮಾಡುತ್ತದಂತೆ. ಅಂಥ ಗಂಡಸರನ್ನು ಬಹಳ ಕಂಡಿದ್ದೇನೆ, ಹಾಗಾಗಿ ವಿಷಯ ತಟ್ಟನೆ ತಿಳಿಯಿತು. ಮಾಸ್ತರರು ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿದ್ದ ನನ್ನ ಪ್ರೋಗ್ರಾಮು, ಚಿತ್ರಗಳು, ಬೇಕಾದ ಫೈಲುಗಳನ್ನೆಲ್ಲ ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟು, ನಾಳೆ ತಾವೇ ಬಂದು ಮಾಡಿಕೊಡುವುದಾಗಿ ಹೇಳಿ ಹೋದರು. ಅವರ ನಾಳೆ ಎಂದೂ ಬರಲಿಲ್ಲ.

ನಾನೇ ಕುಳಿತೆ. ಮಧ್ಯಾಹ್ನ ಉಂಡು ಮನೆಯವರು ಅಡ್ಡಾಗುತ್ತಿದ್ದರು. ಅವರ ಗೊರಕೆ ಪ್ರೆಸ್ಸಿನವರೆಗೂ ಕೇಳುತ್ತಿತ್ತು, ಅದು ನಿಲ್ಲುವವರೆಗೆ ನನ್ನ ರಾಜ್ಯ. ಮೊದಲನೆಯ ದಿನವೇ ಯಂತ್ರ ಒಂದು ಪ್ರಶ್ನೆ ಕೇಳಿತು. ಇರುವ ಮೆಮೊರಿಯಲ್ಲಿ ಒಳಗಿನದಕ್ಕೆ ಎಷ್ಟು ಕೊಡುತ್ತೀ? ನಮ್ಮ ಕಡೆ ಮನೆಗೆ ಬಂದವರಿಗೆ ಎಷ್ಟು ಬಡಿಸಲಿ ಎಂದು ಕೇಳುವ ಪದ್ಧತಿ ಇಲ್ಲ. ಸಾಕು ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಸುರಿಯಬೇಕು. ಮನೆ ಮಂದಿ ಉಳಿದದ್ದನ್ನು ಉಣ್ಣಬೇಕು. ನಾನು ಪರದೆಯ ಮೇಲಿದ್ದ ಅಳತೆಪಟ್ಟಿಯನ್ನು ಮೌಸಿನಿಂದ ಎಳೆದು ಹೆಚ್ಚುಕಡಿಮೆ ಎಲ್ಲವನ್ನೂ ಒಳಗಿನದಕ್ಕೇ ಬಡಿಸಿದೆ. ಪಟ್ಟಿ ಕೆಂಪು ಬಣ್ಣಕ್ಕೆ ತಿರುಗಿತು. ಕೆಂಪು ಮಂಗಳಕರ ಎಂದುಕೊಂಡೆ.

ಒಳಗಿನದು ಏಳಲಿಲ್ಲ, ಹೊರಗಿನದು ಉಪವಾಸ ಬಿದ್ದು ಮೂರ್ಛೆ ಹೋಯಿತು. ಹೊಸ ಕಂಪ್ಯೂಟರನ್ನು ಕೊಂದೇ ಬಿಟ್ಟೆ ಎಂದು ನನ್ನ ಜೀವ ಹೋದ ಹಾಗಾಯಿತು. ಮಾಸ್ತರರಿಗೆ ಫೋನ್ ಮಾಡಿ ಪಿಸುಮಾತಿನಲ್ಲಿ ಹೇಳಿದರೆ ಅವರು ಗಹಗಹಿಸಿ ನಕ್ಕರು. ಗುಂಡಿ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಲು ಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಹಳೆಯ ಕಾಲದ ಕಂಪ್ಯೂಟರಿಗೆ ಹಸಿವು ಕಡಿಮೆ, ಒಂದು ತುತ್ತು ಸಾಕು ಎಂದರು. ಒಂದು ತುತ್ತೇ ಕೊಟ್ಟೆ. ನನಗೆ ಮನಸ್ಸಿರಲಿಲ್ಲ, ಆದರೆ ಅದು ಅಷ್ಟರಲ್ಲೇ ಎದ್ದು ಚುರುಕಾಗಿ ಓಡಾಡತೊಡಗಿತು.

ಆಮೇಲೂ ಕಾಟ ತಪ್ಪಲಿಲ್ಲ. ಮೌಸಿನ ಬಾಣ ಆ ಚೌಕದೊಳಗೆ ಹೋದರೆ ತವರಿಗೆ ಹೋದ ಮಗಳ ಹಾಗೆ ಹೊರಗೆ ಬರಲೊಲ್ಲದು. ಬಲಗಡೆಯ ಒಂದು ಕೀಲಿ ಒತ್ತಿದರೆ ಬರುತ್ತದೆ ಎಂದು ತಿಳಿಯುವಷ್ಟರಲ್ಲಿ ನನ್ನ ಬಾಯಲ್ಲಿ ಪ್ರೆಸ್ಸಿನಲ್ಲಿ ಅಚ್ಚು ಹಾಕಲಾಗದ ಮಾತುಗಳೆಲ್ಲ ಬಂದು ಹೋಗಿದ್ದವು. ಕೊನೆಗೊಂದು ಮಧ್ಯಾಹ್ನ ನನ್ನ ಹಳೆಯ ಪ್ರೋಗ್ರಾಮು ಅಲ್ಲಿ ತೆರೆದುಕೊಂಡಿತು. ಗಿಣಿಗಳು ಬಂದವು, ತೋರಣ ಬಂದಿತು, ನಂದಿ ಬಂದು ಮೂಲೆಯಲ್ಲಿ ಕುಳಿತ. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು.

ಅತ್ತು ಮುಗಿದ ಮೇಲೆ ಕಿಡಿಗೇಡಿತನ ಹೊಳೆಯಿತು. ಇಷ್ಟೆಲ್ಲ ಮಾಡಿದ್ದನ್ನು ದಾಂಡೇಲಿಯವನು ಬಂದು ಆರಾಮಾಗಿ ತೆರೆದುಕೊಂಡರೆ? ಒಳಗಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದೆ. ನಮ್ಮ ಮನೆಯವರ ಹೆಸರನ್ನೇ ಹಾಕಿದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಬಂದಾಗ ಹೊಸ್ತಿಲಲ್ಲಿ ಅಡ್ಡಗಟ್ಟುತ್ತಾರೆ, ಆಗ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳಿ ಒಳಗೆ ಬರಬೇಕು. ನಾನು ಹೇಳಿದ್ದು ಅವತ್ತೊಂದೇ ಸಲ. ಈಗ ಬೆರಳಿನಿಂದ ಒತ್ತಿದರೆ ಪರದೆಯ ಮೇಲೆ ಬರೀ ಚುಕ್ಕೆಗಳು ಮೂಡುತ್ತವೆ, ಹೇಳಿದರೂ ಹೇಳಿದ ಹಾಗಲ್ಲ. ನೆನಪಿಗೊಂದು ಸುಳಿವು ಬರೆದಿಡು ಎಂದು ಯಂತ್ರ ಕೇಳಿತು. ಒಮ್ಮೆ ಮಾತ್ರ ಹೇಳೀನಿ ಎಂದು ಬರೆದಿಟ್ಟೆ.

ಹಳೆಯ ಬಾರ್ಡರಿನ ಕಾರ್ಡು ಹೊಸ ಕಂಪ್ಯೂಟರಿನಿಂದ ಹೊರಬಿದ್ದದ್ದನ್ನು ನೋಡಿ ಮನೆಯವರು ಕಾಗದವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊಗಳಲಿಲ್ಲ. ಡಿಸೈನರ್ ಹೇಗೂ ಬರುತ್ತಾನೆ, ಅವನಿಗೂ ತೋರಿಸು ಎಂದರು. ನಾನಿಲ್ಲದಾಗ ಅವರು ಪಾಸ್‌ವರ್ಡ್ ಹುಡುಕುತ್ತಿದ್ದದ್ದು ಮಾಸ್ತರರ ಬಾಯಿಂದ ನನಗೆ ಗೊತ್ತಾಯಿತು. ಮನೆದೇವರ ಹೆಸರು ಹಾಕಿದರಂತೆ, ನನ್ನ ಹೆಸರು ಹಾಕಿದರಂತೆ, ಸತ್ತುಹೋದ ನಮ್ಮ ಎಮ್ಮೆಯ ಹೆಸರನ್ನೂ ಹಾಕಿ ನೋಡಿದರಂತೆ. ಗಂಡಸಿಗೆ ತನ್ನ ಹೆಸರೊಂದು ನೆನಪಾಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ನನ್ನ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಮುಂಡಗೋಡದ ಹತ್ತಿರದ ತವರಿಗೆ ಹೋದೆ. ಅಂದೇ ಜೋಯಿಡಾದ ಗಿರಾಕಿಯೊಬ್ಬರು ಬಂದು ಕಾರ್ಡಿನಲ್ಲಿ ವರನ ಊರು ತಪ್ಪಾಗಿದೆ, ಇವತ್ತೇ ತಿದ್ದಿಕೊಡಿ ಎಂದು ಪಟ್ಟು ಹಿಡಿದು ಕುಳಿತರಂತೆ. ಚಿಕ್ಕಮ್ಮ, ಅತ್ತೆ, ನಾದಿನಿಯರೆಲ್ಲ ತೊಟ್ಟಿಲ ಸುತ್ತ ನೆರೆದಿದ್ದಾಗ ನನ್ನ ಫೋನ್ ಬಡಿದುಕೊಂಡಿತು.

"ಪಾಸ್‌ವರ್ಡ್ ಏನೈತಿ? ಲಗೂನ ಹೇಳು" ಎಂದರು ಮನೆಯವರು.

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಷ್ಟು ಜನ ಹಿರಿಯರ ನಡುವೆ ಗಂಡನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವುದೆಂದರೆ! ನಗು ಬಂತು, ಬೆವರೂ ಬಂತು. ಬಾಯಿಂದ ಹೇಳಲು ಬರುವುದಿಲ್ಲ ಎಂದೆ. ಗಿರಾಕಿ ತಲೆಯ ಮೇಲೆ ಕುಳಿತಿದ್ದಾರೆ, ಇದು ಹಟ ಮಾಡುವ ಹೊತ್ತಲ್ಲ ಎಂದು ಅವರು ರೇಗಿದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದೆ.

"ನಿಮ್ಮ ಮನಿ ಹೊಸ್ತಿಲದಾಗ ನಿಂತು ಒಮ್ಮೆ ಹೇಳೀನ್ರಿ. ನೆನಪ ಮಾಡ್ಕೊರಿ."

ಅವರು ಫೋನ್ ಇಟ್ಟರು.

ಮರುದಿನ ಹಳಿಯಾಳದ ಬಸ್ಸಿನಿಂದ ಇಳಿದು ನೇರವಾಗಿ ಪ್ರೆಸ್ಸಿಗೆ ಬಂದೆ. ತಿದ್ದಿದ ಕಾರ್ಡುಗಳ ಕಟ್ಟು ಹೋಗಿಯಾಗಿತ್ತು, ಒಂದು ಕಾರ್ಡು ಮೇಜಿನ ಮೇಲೆ ಉಳಿದಿತ್ತು. ವರನ ಊರು ಸರಿಯಾಗಿತ್ತು. ಆದರೆ ಎರಡು ಅಕ್ಷರಗಳ ನಡುವೆ ಎಮ್ಮೆ ನುಗ್ಗುವಷ್ಟು ಸಂದು. ಒಂದೇ ಬೆರಳಿನಲ್ಲಿ ಕುಟ್ಟಿದವರು ಯಾರೆಂದು ಹೇಳಬೇಕಾಗಿರಲಿಲ್ಲ. ಹೆಂಗ ತೆರೀತ್ರಿ ಎಂದು ಕೇಳಿದೆ. ಕರೆಂಟು ಹೋಗಿ ಬಂತು, ತಾನಾಗಿಯೇ ತೆರೆದುಕೊಂಡಿತು ಎಂದು ಹೇಳಿ, ಅಚ್ಚಿನ ಯಂತ್ರಕ್ಕೆ ಎಣ್ಣೆ ಬಿಡಲು ಹೋದರು. ಎಣ್ಣೆ ಬೆಳಿಗ್ಗೆಯೇ ಬಿಟ್ಟಾಗಿತ್ತು, ನೆಲದ ಮೇಲೆ ಸುರಿದಿತ್ತು.

ಅವತ್ತು ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಇದ್ದ ಒಂದು ಬೀಗವೂ ಮುರಿದಿತ್ತು. ಕೀಲಿ ಸಿಕ್ಕ ಮೇಲೆ ಕಾವಲುಗಾರ್ತಿ ಯಾರಿಗೆ ಬೇಕು? ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದ ರಟ್ಟನ್ನು ಸರಿಮಾಡಿದೆ, ಬರುವವನಾದರೂ ಬೀಳದಿರಲಿ ಎಂದು.

ಪಾಡ್ಯ ಕಳೆದ ಮೇಲೆ ಡಿಸೈನರ್ ಬಂದ. ಒಳ್ಳೆಯ ಮನುಷ್ಯನೇ, ನನಗೂ ಕೈಮುಗಿದ. ನಾನು ಪಡಸಾಲೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಅವನು ನನ್ನ ಕುರ್ಚಿಯಲ್ಲಿ ಕುಳಿತು ಕಂಪ್ಯೂಟರ್ ಹಚ್ಚಿದ, ಒಳಗಿನ ಚೌಕವನ್ನು ತೆರೆದ, ಸುಳಿವನ್ನು ಓದಿ ನಕ್ಕ. ಪಾಸ್‌ವರ್ಡ್ ಏನು ಎಂದು ನಮ್ಮ ಮನೆಯವರನ್ನು ಕೇಳಿದ.

ಅವರು ಕೈ ಒರೆಸಿಕೊಳ್ಳುತ್ತ ಬಂದರು. ನನ್ನ ಕಡೆ ನೋಡಲಿಲ್ಲ.

"ನನಗ ಗೊತ್ತಿಲ್ಲಪಾ. ಅಕಿಗಷ್ಟ ಗೊತ್ತೈತಿ. ಅಕಿ ಇಲ್ಲದ ಈ ಮಷೀನ್ ತೆರಿಯೂದಿಲ್ಲ."

ಅವನು ಎದ್ದು ಜಾಗ ಬಿಟ್ಟ. ಅವನ ಕೈಗೆ ಚಹಾ ಕೊಟ್ಟು ನಾನು ಕುಳಿತೆ, ಒಂದೊಂದಾಗಿ ಹೆಸರಿನ ಅಕ್ಷರಗಳನ್ನು ಒತ್ತಿದೆ. ಚುಕ್ಕೆಗಳು ಮೂಡುತ್ತ ಹೋದವು. ನಮ್ಮ ಮನೆಯವರು ಹೊಸ ಮದುಮಗನ ಹಾಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ನಿಂತಿದ್ದರು.