ಮುಂಬಾಗಿಲ ಬಾಣಂತಿ

ಈ ಸಲದ ಹಬ್ಬಕ್ಕೆ ಮುಂಬಯಿಯ ದಾದರಿನಲ್ಲಿ ಮಾವಿನೆಲೆಯ ಕಟ್ಟು ಕೊಂಡು ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಭಾಂಡುಪ್ ಬರುವಷ್ಟರಲ್ಲಿ ಎಲೆ ಬಾಡಿ, ಒಗರು ವಾಸನೆ ಮೂಗಿಗೆ ಬಡಿಯಿತು. ಚೆಂಬೂರಿನ ಹಳೆಯ ಕಾಲನಿಯ ಪಕ್ಕದ ಮನೆಯಾಕೆ ನೆನಪಾದರು...

ಉಡುಪಿ ಕಡೆಯವರು, ಮಡಿಯಲ್ಲಿ ಬಲು ಕಟ್ಟುನಿಟ್ಟು. ಸ್ನಾನವಾಗದೆ ಗಂಡನೇ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಇನ್ನು ನಮ್ಮ ಪಾಡು ಕೇಳುವುದೇ ಬೇಡ. ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಅವರ ಒಲೆ ನೋಡಿರಲಿಲ್ಲ. ಕಾಫಿ ಹಾಲ್‌ಗೇ ಬರುತ್ತಿತ್ತು. ನನಗೆ ಸಿಟ್ಟಿತ್ತು, ಆದರೆ ಕಾಫಿ ಚೆನ್ನಾಗಿರುತ್ತಿದ್ದುದರಿಂದ ಬಾಯಿ ಬಿಡುತ್ತಿರಲಿಲ್ಲ.

ಒಂದು ವರ್ಷ ಅವರು ಮುಂಬಾಗಿಲ ತೋರಣ ತೆಗೆಯಲು ಮರೆತರು. ಒಣಗಿ ಸುರುಟಿದ ಎಲೆಗೆ ಹೆಬ್ಬೆರಳುದ್ದದ ಸೂರಕ್ಕಿಯೊಂದು ನಾರು, ಜೇಡರ ಬಲೆ ತಂದು ಸುತ್ತಿ, ಚೀಲದಂಥ ಗೂಡು ತೂಗುಹಾಕಿತು. ಬಾಗಿಲು ತೆಗೆದಾಗಲೆಲ್ಲ ಗೂಡು ಅಲ್ಲಾಡಿ ಹಕ್ಕಿ ಹಾರಿಹೋಗುತ್ತಿತ್ತು. ಮೊಟ್ಟೆ ತಣ್ಣಗಾಗಿ ಕೆಟ್ಟೀತೆಂದು ಆಕೆಗೆ ದಿಗಿಲು. ಮುಂಬಾಗಿಲಿಗೆ ಅಗುಳಿ ಹಾಕಿದರು. ಉಳಿದದ್ದು ಹಿಂಬಾಗಿಲು, ಅದು ನೇರ ಅಡಿಗೆಮನೆಗೆ ತೆರೆಯುತ್ತಿತ್ತು.

"ಎದುರಿಗೆ ಬಾಣಂತಿ ಉಂಟು ಮಾರಾಯ್ರೆ, ಹಿಂದಿಂದ ಬನ್ನಿ," ಎಂದರು ನನಗೆ. ಗ್ಯಾಸಿನವನಿಗೆ, "ಭೈಯ್ಯಾ, ಪೀಛೇ ಸೇ." ಹಾಲಿನವನು, ಮೇಲ್ಮನೆಯ ಮರಾಠಿ ಹೆಂಗಸು, ನಾನು, ಎಲ್ಲರೂ ಒಲೆಯ ಪಕ್ಕದಿಂದಲೇ ಹಾದೆವು. ಗಂಡ ಕೆಣಕಿದರು: "ಎಲ್ಲಿ ಹೋಯ್ತು ನಿನ್ನ ಮಡಿ?"

"ಮಡಿ ಇನ್ನೊಮ್ಮೆ ಮಿಂದ್ರೆ ಬರ್ತದೆ. ಹೆದರಿ ಬಿಟ್ಟುಹೋದ್ರೆ ಆ ಹಕ್ಕಿ ಬರ್ತದಾ?"

ಮರಿಗಳಾದವು. ಕಿಟಕಿಯ ಸಂದಿಯಿಂದ ಸರದಿಯಲ್ಲಿ ನೋಡಿದೆವು. ತಾಯಿ ಹುಳ ತಂದರೆ ಗೂಡಿನ ಕಂಡಿಯಲ್ಲಿ ಎರಡು ಪುಟ್ಟ ಬಾಯಿ ತೆರೆದುಕೊಳ್ಳುತ್ತಿದ್ದವು. ಒಂದು ಬೆಳಿಗ್ಗೆ ಒಂದು ಮರಿ ಗ್ರಿಲ್ ಮೇಲೆ ಕುಳಿತು, ಬಿದ್ದೇಬಿಟ್ಟಿತು ಅನ್ನುವಾಗ ಹಾರಿತು. ಇನ್ನೊಂದು ಮಧ್ಯಾಹ್ನದವರೆಗೂ ಕಾಯಿಸಿತು. ಅದು ಹಾರುವವರೆಗೆ ಅವರು ಊಟಕ್ಕೇಳಲಿಲ್ಲ.

ಮುಂಬಾಗಿಲು ಮತ್ತೆ ತೆರೆಯಿತು. ಆದರೆ ನಮಗೆ ಅಭ್ಯಾಸ ಬಿಡಬೇಕಲ್ಲ, ಹಿಂದಿನಿಂದಲೇ ಹೋಗುತ್ತಿದ್ದೆವು. ಅವರೂ ಬೇಡವೆನ್ನಲಿಲ್ಲ. ಒಲೆಯ ಪಕ್ಕ ನನಗೊಂದು ಮಣೆ ಖಾಯಂ ಆಯಿತು...

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗಲೂ ನಾವೆಲ್ಲ ಹಿಂಬಾಗಿಲಲ್ಲೇ ಸೇರಿದ್ದೆವು. ಅವರನ್ನು ಮುಂಬಾಗಿಲಿನಿಂದ ಒಯ್ದದ್ದು ತಿಳಿಯುವಷ್ಟರಲ್ಲಿ ಹೆಣದ ಗಾಡಿ ಹೊರಟಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲವೆಂಬ ಸಂಕಟ ಇವತ್ತಿಗೂ ಇದೆ.

ಕಾಲನಿಯನ್ನು ಕೆಡವಿದರು, ರೀಡೆವಲಪ್‌ಮೆಂಟಿಗೆ ಹೋಯಿತು. ಭಾಂಡುಪಿನ ನನ್ನ ಫ್ಲ್ಯಾಟಿಗೆ ಇರುವುದು ಒಂದೇ ಬಾಗಿಲು, ಅದೂ ಲಿಫ್ಟಿನ ಎದುರಿಗೆ. ಹಬ್ಬ ಮುಗಿಯಿತು, ಅದಕ್ಕೆ ಕಟ್ಟಿದ ಎಲೆ ಒಣಗಿತು. ಇಷ್ಟೆತ್ತರಕ್ಕೆ ಯಾವ ಸೂರಕ್ಕಿಯೂ ಬರುವುದಿಲ್ಲವೆಂದು ಗೊತ್ತು. ತೋರಣ ಮಾತ್ರ ತೆಗೆದಿಲ್ಲ.